‘ಬಿಟ್ವೀನ್ ಯು ಅಂಡ್ ಐ’ ಕೇಳಿದರೆ ಮೈ ಉರಿಯುತ್ತೆ, ಏನು ಮಾಡಲಿ?

ಪ್ರಶ್ನೆ: ಮೇಡಂ, ನಾನು ವಿರಾಜಪೇಟೆ ಕಡೆಯವನು. ಕಾಫಿ ತೋಟದ ಆಫೀಸಿನಲ್ಲಿ ಇಂಗ್ಲಿಷಿನಲ್ಲೇ ಕಾಗದ ಬರೆದು ಬರೆದು ರಿಟೈರ್ ಆದವನು. ಈಗ ಮನೆಯಲ್ಲೇ ಹೋಂಸ್ಟೇ ಇದೆ. ನನ್ನ ಕಿವಿಗೆ ದಿನಾ ಹಿಂಸೆ. ನಮ್ಮ ಮ್ಯಾನೇಜರ್ ಹುಡುಗ ಗೆಸ್ಟುಗಳ ಮುಂದೆ ನಿಂತು ‘ಮೈಸೆಲ್ಫ್ ಕಿರಣ್’ ಅನ್ನುತ್ತಾನೆ. ಬೆಂಗಳೂರಿನ ಮೊಮ್ಮಗ ಫೋನಿನಲ್ಲಿ ‘ಮಿ ಅಂಡ್ ಕಾರ್ತಿಕ್ ವೆಂಟ್’ ಅನ್ನುತ್ತಾನೆ. ದೊಡ್ಡ ಕಂಪನಿಯಲ್ಲಿರುವ ಗೆಸ್ಟುಗಳು ‘ಬಿಟ್ವೀನ್ ಯು ಅಂಡ್ ಐ’ ಅನ್ನುತ್ತಾರೆ. ನಮ್ಮ ಸಂಘದ ನೋಟಿಸಿನಲ್ಲಿ ‘ಕಾಂಟ್ಯಾಕ್ಟ್ ದ ಸೆಕ್ರೆಟರಿ ಆರ್ ಮೈಸೆಲ್ಫ್’ ಅಂತ ಬರುತ್ತೆ. ಎಲ್ಲಕ್ಕಿಂತ ಜಾಸ್ತಿ ಸಿಟ್ಟು ಮೊಮ್ಮಗಳ ಮೇಲೆ. ಒಬ್ಬರೇ ಇದ್ದರೂ ‘ದೇ’ ಅನ್ನುತ್ತಾಳೆ. ಹೋಂಸ್ಟೇ ಬೋರ್ಡಿನಲ್ಲಿ ‘ಎವರಿ ಗೆಸ್ಟ್ ಮಸ್ಟ್ ಶೋ ಹಿಸ್ ಐಡಿ ಕಾರ್ಡ್’ ಅಂತ ಬರೆಸಹೊರಟರೆ ‘ಹಿಸ್’ ತೆಗೆದು ‘ದೇರ್’ ಹಾಕಿ ಅಂತಾಳೆ. ತಿದ್ದಲು ಹೋದರೆ ಮನೆಯವರೆಲ್ಲ ನನ್ನ ಮೇಲೇ ಎಗರುತ್ತಾರೆ. ಗೆಸ್ಟುಗಳನ್ನು ತಿದ್ದಿದರೆ ರಿವ್ಯೂ ಹಾಳಾಗುತ್ತೆ ಅಂತ ಮಗಳ ಭಯ. ನಾನು ಸರಿಯೋ, ಅವರು ಸರಿಯೋ?

ಉತ್ತರ: ಸುತ್ತಿ ಬಳಸದೆ ಹೇಳುತ್ತೇನೆ. ನಿಮ್ಮ ಪಟ್ಟಿಯಲ್ಲಿ ಕೆಲವು ನಿಜಕ್ಕೂ ತಪ್ಪು. ಆದರೆ ಅವು ನಿಮ್ಮ ಬಿಪಿ ಏರಿಸುವಷ್ಟು ದೊಡ್ಡವಲ್ಲ. ಮೊಮ್ಮಗಳದ್ದು ತಪ್ಪೇ ಅಲ್ಲ. ನೀವು ನಿಜವಾಗಿ ಸಿಟ್ಟಾಗಬೇಕಾದ ತಪ್ಪು ಇದೆಯಲ್ಲ, ಅದು ನಿಮ್ಮ ಪಟ್ಟಿಯಲ್ಲೇ ಇಲ್ಲ. ಅಲ್ಲಿಗೆ ಕೊನೆಯಲ್ಲಿ ಬರುತ್ತೇನೆ.

ಮೊದಲು ‘ಐ’, ‘ಮಿ’ ವಿಷಯ. ಇಂಗ್ಲಿಷಿನವರೇ ಇದರಲ್ಲಿ ಯಾಕೆ ಎಡವುತ್ತಾರೆ ಅಂತ ಗೊತ್ತಾದರೆ ನಿಮ್ಮ ಸಿಟ್ಟು ಅರ್ಧ ಇಳಿಯುತ್ತದೆ.

ಸಾವಿರ ವರ್ಷದ ಹಿಂದಿನ ಇಂಗ್ಲಿಷಿಗೂ ನಮ್ಮ ಹಾಗೆ ವಿಭಕ್ತಿ ಇತ್ತು. ನಾವು ರಾಜ, ರಾಜನಿಗೆ, ರಾಜನ ಅನ್ನುವ ಹಾಗೆ ಅಲ್ಲೂ ಹೆಸರಿನ ಬಾಲ ಬದಲಾಗುತ್ತಿತ್ತು. ಕಾಲ ಕಳೆದಂತೆ ‘ರಾಜನ’ ಅನ್ನುವಂಥ ಬಾಲ ಒಂದನ್ನು ಬಿಟ್ಟು ಉಳಿದವೆಲ್ಲ ಉದುರಿಹೋದವು. ಈಗ ಯಾರು ಯಾರಿಗೆ ಏನು ಮಾಡಿದರು ಅನ್ನುವುದನ್ನು ಪದಗಳ ಸಾಲೇ ಹೇಳುತ್ತದೆ. ನಾಯಿ ಮೊದಲು ಬಂದರೆ ಕಚ್ಚಿದ್ದು ನಾಯಿ. ಬೆಕ್ಕು ಮೊದಲು ಬಂದರೆ ಕಚ್ಚಿದ್ದು ಬೆಕ್ಕು. ಹಳೆಯ ವ್ಯವಸ್ಥೆ ಬೆರಳೆಣಿಕೆಯ ಪದಗಳಲ್ಲಿ ಮಾತ್ರ ಉಳಿದುಕೊಂಡಿದೆ. ಐ ಮತ್ತು ಮಿ, ಹಿ ಮತ್ತು ಹಿಮ್, ಶಿ ಮತ್ತು ಹರ್, ವಿ ಮತ್ತು ಅಸ್, ದೇ ಮತ್ತು ದೆಮ್, ಹೂ ಮತ್ತು ಹೂಮ್. ‘ಯು’ ಮತ್ತು ‘ಇಟ್’ ಎಲ್ಲಿದ್ದರೂ ಒಂದೇ ರೂಪ. ಅಂದರೆ ಒಬ್ಬ ಇಂಗ್ಲಿಷಿನವನು ದಿನವಿಡೀ ಮಾತಾಡಿದರೂ ವಿಭಕ್ತಿಯ ಯೋಚನೆ ಬರುವುದು ಈ ಕೆಲವೇ ಪದಗಳಲ್ಲಿ. ಉಳಿದ ಕಡೆ ಅಭ್ಯಾಸವೇ ಇಲ್ಲದ ಕೆಲಸ. ಎರಡು ಹೆಸರು ‘ಅಂಡ್’ ಸೇರಿ ಜೋಡಿಯಾದರಂತೂ ಗೊಂದಲ ಗ್ಯಾರಂಟಿ.

ನಮಗೆ ಹಾಗಲ್ಲ. ಕನ್ನಡದವರು ಪ್ರತಿ ಹೆಸರಿಗೂ ಪ್ರತ್ಯಯ ಹಚ್ಚಿಯೇ ಬಾಯಿ ತೆರೆಯುವವರು. ‘ನನಗೂ ಪೊನ್ನಪ್ಪನಿಗೂ ಕೊಟ್ಟರು’ ಅನ್ನುತ್ತೇವೆ. ‘ನಾನೂ ಪೊನ್ನಪ್ಪನಿಗೂ ಕೊಟ್ಟರು’ ಅಂತ ನಾಲ್ಕು ವರ್ಷದ ಮಗು ಕೂಡ ಅನ್ನುವುದಿಲ್ಲ. ಈ ಕಿವಿಯನ್ನೇ ಇಂಗ್ಲಿಷಿಗೂ ಬಳಸಿದರೆ ಮುಗಿಯಿತು. ಜೋಡಿಯಲ್ಲಿ ಇನ್ನೊಬ್ಬರನ್ನು ಸ್ವಲ್ಪ ಹೊತ್ತು ಹೊರಗೆ ಕಳಿಸಿ ವಾಕ್ಯ ಹೇಳಿ ನೋಡುವುದು. ‘ದೇ ಗೇವ್ ಇಟ್ ಟು ಪೊನ್ನಪ್ಪ ಅಂಡ್ ಐ’ ಸರಿಯೋ ತಪ್ಪೋ? ಪೊನ್ನಪ್ಪನನ್ನು ತೆಗೆಯಿರಿ. ‘ದೇ ಗೇವ್ ಇಟ್ ಟು ಐ’ ಅಂತ ಯಾರಾದರೂ ಅಂದಾರೆಯೇ? ಇಲ್ಲ. ಹಾಗಾದರೆ ಪೊನ್ನಪ್ಪ ವಾಪಸ್ ಬಂದ ಮೇಲೂ ಅದು ‘ಮಿ’ ಆಗಿಯೇ ಇರಬೇಕು.

‘ಬಿಟ್ವೀನ್’ ಬಂದಾಗ ಮಾತ್ರ ಈ ಉಪಾಯ ನಡೆಯುವುದಿಲ್ಲ. ಒಬ್ಬರೇ ಇದ್ದರೆ ನಡುವೆ ಅನ್ನುವ ಮಾತೇ ಇಲ್ಲವಲ್ಲ. ಆಗ ಇಬ್ಬರನ್ನೂ ಸೇರಿಸಿ ಒಂದೇ ಪದ ಮಾಡಿ. ‘ಬಿಟ್ವೀನ್ ಅಸ್’ ಅನ್ನುತ್ತೇವೆ, ‘ಬಿಟ್ವೀನ್ ವಿ’ ಅನ್ನುವುದಿಲ್ಲ. ಆದ್ದರಿಂದ ‘ಬಿಟ್ವೀನ್ ಯು ಅಂಡ್ ಮಿ’. ನಿಮ್ಮ ಕಿವಿ ಸರಿಯಾಗಿಯೇ ಕೆಲಸ ಮಾಡುತ್ತಿದೆ.

ಇಲ್ಲೊಂದು ತಮಾಷೆ ಇದೆ. ನಿಮ್ಮ ಮೊಮ್ಮಗನ ‘ಮಿ ಅಂಡ್ ಕಾರ್ತಿಕ್ ವೆಂಟ್’ ಮತ್ತು ಕಂಪನಿಯವರ ‘ಬಿಟ್ವೀನ್ ಯು ಅಂಡ್ ಐ’ ಎರಡೂ ಬೇರೆ ಬೇರೆ ತಪ್ಪು ಅಂತ ನೀವು ಬರೆದಿದ್ದೀರಿ. ಅಲ್ಲ, ಒಂದರ ಹೊಟ್ಟೆಯಲ್ಲಿ ಇನ್ನೊಂದು ಹುಟ್ಟಿದ್ದು. ಶಾಲೆಯಲ್ಲಿ ಮಗು ‘ಮಿ ಅಂಡ್ ಕಾರ್ತಿಕ್’ ಅಂದಾಗಲೆಲ್ಲ ಟೀಚರ್ ಕಣ್ಣು ಬಿಟ್ಟು ‘ಕಾರ್ತಿಕ್ ಅಂಡ್ ಐ’ ಅಂತ ತಿದ್ದುತ್ತಾರೆ. ಯಾಕೆ ಅಂತ ಮಾತ್ರ ಹೇಳುವುದಿಲ್ಲ. ಮಗು ಏನು ಕಲಿಯುತ್ತದೆ? ‘ಅಂಡ್’ ಪಕ್ಕದಲ್ಲಿ ‘ಮಿ’ ಬಂದರೆ ಬೈಗುಳ, ‘ಐ’ ಬಂದರೆ ಶಾಭಾಸ್. ಆ ಮಗುವೇ ದೊಡ್ಡದಾಗಿ, ಒಳ್ಳೆ ಕೆಲಸ ಹಿಡಿದು, ನಿಮ್ಮ ಜಗಲಿಯಲ್ಲಿ ಕಾಫಿ ಕುಡಿಯುತ್ತಾ ‘ಬಿಟ್ವೀನ್ ಯು ಅಂಡ್ ಐ’ ಅನ್ನುತ್ತದೆ. ತಿದ್ದಿಸಿಕೊಳ್ಳದವರು ಈ ತಪ್ಪು ಮಾಡುವುದು ಕಡಿಮೆ. ಜಾಸ್ತಿ ತಿದ್ದಿಸಿಕೊಂಡವರದ್ದೇ ಈ ತಪ್ಪು. ಹಾಗಾಗಿ ಮೊಮ್ಮಗನನ್ನು ತಿದ್ದುವುದಾದರೆ ಕಾರಣ ಸಮೇತ ತಿದ್ದಿ, ಇಲ್ಲದಿದ್ದರೆ ಸುಮ್ನೆ ಬಿಡಿ. ಸ್ನೇಹಿತರ ನಡುವೆ ‘ಮಿ ಅಂಡ್ ಕಾರ್ತಿಕ್’ ಅನ್ನುವುದು ಲಂಡನ್ನಿನ ಹುಡುಗರ ಬಾಯಲ್ಲೂ ಇರುವ ಮಾತೇ. ಪರೀಕ್ಷೆಯಲ್ಲಿ, ಅರ್ಜಿಯಲ್ಲಿ ಬರೆಯದಿದ್ದರೆ ಸಾಕು.

‘ಬಿಟ್ವೀನ್ ಯು ಅಂಡ್ ಐ’ ಇತ್ತೀಚೆಗೆ ಕೆಟ್ಟ ಕಾಲದ ಕೂಸು ಅಂತ ಅಂದುಕೊಂಡಿದ್ದರೆ, ಅದೂ ಅಲ್ಲ. 16ನೇ ಶತಮಾನದ ಕೊನೆಯಲ್ಲಿ ಶೇಕ್ಸ್‌ಪಿಯರ್ ‘ಮರ್ಚಂಟ್ ಆಫ್ ವೆನಿಸ್’ ನಾಟಕದಲ್ಲಿ ಆಂಟೋನಿಯೋ ತನ್ನ ಗೆಳೆಯನಿಗೆ ಬರೆದ ಪತ್ರದಲ್ಲಿ ಇದೇ ನಾಲ್ಕು ಪದ ಇಟ್ಟಿದ್ದಾನೆ. ಶೇಕ್ಸ್‌ಪಿಯರ್ ಬರೆದ ಮಾತ್ರಕ್ಕೆ ಇಂದಿನ ಅರ್ಜಿಯಲ್ಲಿ ಸರಿಯಾಗುತ್ತದೆ ಅಂತ ನಾನು ಹೇಳುತ್ತಿಲ್ಲ. ನಾನೂ ಬರಹದಲ್ಲಿ ಸಿಕ್ಕರೆ ಹೊಡೆದುಹಾಕುತ್ತೇನೆ. ಆದರೆ ನಾಲ್ಕು ನೂರು ವರ್ಷ ಇಂಗ್ಲಿಷ್ ಇದನ್ನು ಇಟ್ಟುಕೊಂಡೂ ಗಟ್ಟಿಯಾಗಿಯೇ ಇದೆ.

ಇದರ ಜೊತೆಗೇ ಬರುವ ಇನ್ನೊಂದು, ‘ಐ ಅಂಡ್ ಮೈ ವೈಫ್’. ನಮ್ಮಲ್ಲಿ ‘ನಾನೂ ನನ್ನ ಹೆಂಡತಿಯೂ’ ಅನ್ನುವುದು ಸಹಜ. ತನ್ನನ್ನು ಮೊದಲು ಹೇಳಿಕೊಂಡ ಅಂತ ಯಾರೂ ಮುಖ ಸಿಂಡರಿಸುವುದಿಲ್ಲ. ಇಂಗ್ಲಿಷಿನಲ್ಲಿ ತನ್ನನ್ನು ಕೊನೆಗೆ ಹೇಳಿಕೊಳ್ಳುವುದು ಮರ್ಯಾದೆ. ವ್ಯಾಕರಣದ ಪ್ರಕಾರ ಎರಡೂ ಸರಿ. ಇದಕ್ಕೆ ಕೆಂಪು ಪೆನ್ನು ಎತ್ತುವವರು ಶಿಷ್ಟಾಚಾರವನ್ನು ವ್ಯಾಕರಣ ಅಂತ ಮಾರುತ್ತಿದ್ದಾರೆ.

ಈಗ ‘ಮೈಸೆಲ್ಫ್ ಕಿರಣ್’. ಇದು ಅಪ್ಪಟ ನಮ್ಮ ದೇಶದ ಮಾಲು. ನನಗೆ ಇದರ ಬಗ್ಗೆ ಸಿಟ್ಟಿಗಿಂತ ಕುತೂಹಲ ಜಾಸ್ತಿ. ಕನ್ನಡದಲ್ಲಿ ‘ನಾನು ಕಿರಣ್’ ಅಂದರೆ ವಾಕ್ಯ ಮುಗಿಯಿತು. ಕ್ರಿಯಾಪದ ಬೇಕಿಲ್ಲ. ಹಿಂದಿ ಬಿಟ್ಟರೆ ನಮ್ಮ ಸುತ್ತಮುತ್ತಲಿನ ತುಳು, ತಮಿಳಿನಲ್ಲೂ ಹಾಗೆಯೇ. ಇಂಗ್ಲಿಷಿಗೆ ಬಂದಾಗ ‘ಐ ಕಿರಣ್’ ಅಂದರೆ ಏನೋ ಮುರಿದ ಹಾಗೆ ಕೇಳುತ್ತದೆ, ಅದು ಹುಡುಗನಿಗೂ ಗೊತ್ತು. ‘ಮೈಸೆಲ್ಫ್’ ಉದ್ದ ಇದೆ, ತೂಕ ಇದೆ, ಪಕ್ಕದಲ್ಲಿ ‘ಆಮ್’ ಇಲ್ಲ ಅನ್ನುವುದು ಎದ್ದು ಕಾಣುವುದಿಲ್ಲ. ಹಾಗಾಗಿ ಅದು ಅಂಟಿಕೊಂಡಿತು ಅನ್ನುವುದು ನನ್ನ ಅನಿಸಿಕೆ. ತಪ್ಪಂತೂ ತಪ್ಪೇ. ‘ಐ ಆಮ್ ಕಿರಣ್’ ಅಥವಾ ‘ಮೈ ನೇಮ್ ಈಸ್ ಕಿರಣ್’ ಅನ್ನಬೇಕು. ಆದರೆ ಗೆಸ್ಟುಗಳ ಮುಂದೆ ತಿದ್ದಬೇಡಿ. ಬ್ಯಾಗ್ ಕೆಳಗಿಡುವ ಮೊದಲೇ ಮಾಲೀಕರು ಮ್ಯಾನೇಜರನ್ನು ತಿದ್ದುವುದನ್ನು ನೋಡಿದ ಗೆಸ್ಟ್ ಮೂರು ದಿನ ಹೆದರಿಕೊಂಡೇ ಮಾತಾಡುತ್ತಾನೆ. ಬೆಳಗ್ಗೆ ತಿಂಡಿ ಆದ ಮೇಲೆ ಹುಡುಗನನ್ನು ಕರೆದು ಒಂದು ವಾಕ್ಯ ಹೇಳಿಕೊಡಿ, ಒಂದೇ.

ಸಂಘದ ನೋಟಿಸಿನ ‘ಕಾಂಟ್ಯಾಕ್ಟ್ ದ ಸೆಕ್ರೆಟರಿ ಆರ್ ಮೈಸೆಲ್ಫ್’ ಬೇರೆ ಜಾತಿಯದ್ದು. ಇದು ಆಫೀಸಿನ ಇಂಗ್ಲಿಷ್. ಇಂಗ್ಲೆಂಡ್, ಅಮೆರಿಕದ ಆಫೀಸುಗಳಲ್ಲೂ ಧಾರಾಳವಾಗಿ ಇದೆ. ‘ಐ’ ಬರೆಯಬೇಕೋ ‘ಮಿ’ ಬರೆಯಬೇಕೋ ಅನ್ನುವ ಅನುಮಾನ ಬಂದಾಗ ಎರಡರಿಂದಲೂ ತಪ್ಪಿಸಿಕೊಳ್ಳಲು ‘ಮೈಸೆಲ್ಫ್’ ಒಳಗೆ ಹೊಕ್ಕು ಕೂರುವುದು. ಸ್ವಲ್ಪ ವಿನಯದ ವಾಸನೆಯೂ ಬರುತ್ತದೆ, ಅದಕ್ಕೇ ಪದಾಧಿಕಾರಿಗಳಿಗೆ ಇಷ್ಟ. ‘ಮೈಸೆಲ್ಫ್’ಗೆ ಇರುವ ಕೆಲಸ ಎರಡೇ. ಮಾಡಿದವನೂ ಮಾಡಿಸಿಕೊಂಡವನೂ ಒಬ್ಬನೇ ಆಗಿದ್ದಾಗ, ಅಂದರೆ ‘ಐ ಕಟ್ ಮೈಸೆಲ್ಫ್’, ನನ್ನ ಕೈ ನಾನೇ ಕುಯ್ದುಕೊಂಡೆ. ಇಲ್ಲವೇ ಒತ್ತಿ ಹೇಳುವಾಗ, ‘ಐ ಮೈಸೆಲ್ಫ್ ಸಾ ಇಟ್’, ಖುದ್ದು ನಾನೇ ನೋಡಿದೆ. ವಾಕ್ಯದಲ್ಲಿ ‘ಐ’ ಮೊದಲೇ ಬಂದು ಕೂತಿರದಿದ್ದರೆ ‘ಮೈಸೆಲ್ಫ್’ ಬರಬಾರದು ಅಂತ ನೆನಪಿಟ್ಟುಕೊಂಡರೆ ನೂರಕ್ಕೆ ತೊಂಬತ್ತು ಸಲ ಸರಿ ಹೋಗುತ್ತದೆ. ನೋಟಿಸಿನಲ್ಲಿ ‘ದ ಸೆಕ್ರೆಟರಿ ಆರ್ ಮಿ’ ಅಂತ ಬರೆಯಿರಿ. ಅಷ್ಟು ಚಿಕ್ಕ ಪದ ಹಾಕಲು ಮನಸ್ಸು ಒಪ್ಪದಿದ್ದರೆ ಹೆಸರು, ಫೋನ್ ನಂಬರ್ ಹಾಕಿ. ಓದುವವರಿಗೆ ಬೇಕಾಗಿರುವುದೂ ಅದೇ ಅಲ್ವಾ?

ಮೊಮ್ಮಗಳ ಕಡೆಗೆ ಬರೋಣ. ಇಲ್ಲಿ ನಾನು ಪೂರ್ತಿ ಅವಳ ಪಕ್ಷ.

ನೀವೇ ಯೋಚನೆ ಮಾಡಿ. ಜೂನ್ ತಿಂಗಳ ಮಳೆ. ಯಾರೋ ನಿಮ್ಮ ಜಗಲಿಯಲ್ಲಿ ಛತ್ರಿ ಬಿಟ್ಟು ಹೋಗಿದ್ದಾರೆ. ನೀವು ಏನು ಹೇಳುತ್ತೀರಿ? ‘ಯಾರೋ ಛತ್ರಿ ಬಿಟ್ಟು ಹೋಗಿದ್ದಾರೆ ನೋಡು, ಅವರು ಬಂದರೆ ಕೊಡು.’ ಛತ್ರಿ ಒಂದು, ಬಿಟ್ಟವರು ಒಬ್ಬರು. ಆದರೂ ‘ಹೋಗಿದ್ದಾರೆ’, ‘ಅವರು’. ಗಂಡಸೋ ಹೆಂಗಸೋ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ‘ಸಮ್‌ವನ್ ಹ್ಯಾಸ್ ಲೆಫ್ಟ್ ದೇರ್ ಅಂಬ್ರೆಲ್ಲಾ’ ಅನ್ನುವ ಇಂಗ್ಲಿಷ್ ಇದೇ ಕೆಲಸ ಮಾಡುತ್ತಿದೆ. ನಮ್ಮ ‘ಅವರು’ವಿನಲ್ಲಿ ಗೌರವವೂ ಬೆರೆತಿದೆ, ಅವರ ‘ದೇ’ಯಲ್ಲಿ ಅದಿಲ್ಲ, ಅಷ್ಟೇ ವ್ಯತ್ಯಾಸ. ಒಬ್ಬರಿಗೆ ಬಹುವಚನ ಹಾಕಿ ಹುಟ್ಟಿನಿಂದ ಮಾತಾಡುತ್ತಾ ಬಂದ ಕನ್ನಡಿಗರು ‘ದೇ’ ಮೇಲೆ ಸಿಟ್ಟಾಗುವುದು ನನಗೆ ಯಾವತ್ತೂ ಅರ್ಥವಾಗಿಲ್ಲ.

ಒಬ್ಬರಿಗೆ ‘ದೇ’ ಅನ್ನುವುದು ಹೊಸ ಫ್ಯಾಷನ್ ಕೂಡ ಅಲ್ಲ. ಆಕ್ಸ್‌ಫರ್ಡ್ ನಿಘಂಟಿನವರು ಇದರ ಬರಹದ ಉದಾಹರಣೆಯನ್ನು 1375ರವರೆಗೂ ಹಿಂದಕ್ಕೆ ತೋರಿಸುತ್ತಾರೆ. ಶೇಕ್ಸ್‌ಪಿಯರ್ ಬಳಸಿದ್ದಾನೆ, ಜೇನ್ ಆಸ್ಟಿನ್ ಬಳಸಿದ್ದಾರೆ. ‘ಹಿ’ ಅಂದರೆ ಹೆಂಗಸರೂ ಸೇರಿದರು ಅನ್ನುವ ನಿಯಮವೇ ಆಮೇಲೆ ಬಂದದ್ದು. 18ನೇ ಶತಮಾನದ ವ್ಯಾಕರಣ ಪುಸ್ತಕಗಳು ಅದನ್ನು ಶುರು ಮಾಡಿದವು. ಹಾಗೆ ಬರೆದವರಲ್ಲಿ ಮೊದಲಿಗರ ಪೈಕಿ ಆನ್ ಫಿಷರ್ ಎಂಬ ಹೆಂಗಸೇ ಇದ್ದರು ಅನ್ನುವುದು ವಿಚಿತ್ರ. 1850ರಲ್ಲಿ ಬ್ರಿಟಿಷ್ ಪಾರ್ಲಿಮೆಂಟ್ ಕಾಯ್ದೆಗಳ ಭಾಷೆಗೆ ಇದನ್ನೇ ನಿಯಮ ಮಾಡಿತು. ನಮ್ಮಲ್ಲಿ 1897ರ ಜನರಲ್ ಕ್ಲಾಸಸ್ ಆಕ್ಟ್, 13ನೇ ಕಲಂ ಅದನ್ನೇ ಹೇಳುತ್ತದೆ. ಕಾಯ್ದೆಯಲ್ಲಿ ಪುಲ್ಲಿಂಗದ ಪದ ಬಂದರೆ ಸ್ತ್ರೀಯರೂ ಸೇರಿದರು ಅಂತ ಓದಿಕೊಳ್ಳಬೇಕು. ನೀವು ತೋಟದ ಆಫೀಸಿನಲ್ಲಿ ಕಲಿತ ‘ಎವರಿ ವರ್ಕರ್ ಶಲ್ ಸೈನ್ ಹಿಸ್ ನೇಮ್’ ಬಂದದ್ದು ಈ ದಾರಿಯಿಂದ. ಕಾಫಿ ಹಣ್ಣು ಕುಯ್ಯುವವರಲ್ಲಿ ಹೆಂಗಸರೇ ಜಾಸ್ತಿ ಇದ್ದರೂ ರಿಜಿಸ್ಟರಿನಲ್ಲಿ ಎಲ್ಲರೂ ‘ಹಿಸ್’!

ಬಹುವಚನದ ಪದ ಒಬ್ಬರಿಗೆ ಹೇಗೆ ಅಂತ ಇನ್ನೂ ಅನಿಸಿದರೆ ‘ಯು’ ನೋಡಿ. ಹಿಂದೆ ಇಂಗ್ಲಿಷಿನಲ್ಲಿ ನೀನು ಅನ್ನಲು ‘ದೌ’ ಇತ್ತು. ‘ಯು’ ಇದ್ದದ್ದು ನೀವು ಅನ್ನಲು. ಮರ್ಯಾದೆಗೆ ಅಂತ ಒಬ್ಬರಿಗೂ ‘ಯು’ ಅನ್ನತೊಡಗಿದರು, ನಮ್ಮ ನೀವು ಇದ್ದ ಹಾಗೆ. ಕೊನೆಗೆ ‘ದೌ’ ಮಾಯವಾಗಿ ಎಲ್ಲರೂ ‘ಯು’ ಆದರು. ಆ ಕಾಲದಲ್ಲೂ ನಿಮ್ಮಂಥವರು ಇದ್ದರು. ಕ್ವೇಕರ್ ಎಂಬ ಕ್ರೈಸ್ತ ಪಂಥ ಕಟ್ಟಿದ ಜಾರ್ಜ್ ಫಾಕ್ಸ್ ಸಂಗಡಿಗರ ಜೊತೆ ಸೇರಿ 1660ರಲ್ಲಿ ಒಂದು ಪುಸ್ತಕವನ್ನೇ ಬರೆದು, ಒಬ್ಬನಿಗೆ ‘ಯು’ ಅನ್ನುವವರನ್ನು ಹಿಗ್ಗಾಮುಗ್ಗಾ ಬೈದರು. ಯಾರೂ ಕೇಳಲಿಲ್ಲ. ಇವತ್ತು ಒಬ್ಬರಿಗೇ ‘ಯು ಆರ್’ ಅನ್ನುತ್ತೇವೆ, ‘ಆರ್’ ಬಹುವಚನ ಅಂತ ನೆನಪೂ ಬರುವುದಿಲ್ಲ.

ಮೊಮ್ಮಗಳ ಕಾಲೇಜಿನಲ್ಲಿ ಯಾರಾದರೂ ತಮ್ಮನ್ನು ಹಿ ಅಲ್ಲ, ಶಿ ಅಲ್ಲ, ‘ದೇ’ ಅನ್ನಿ ಅಂತ ಕೇಳಿಕೊಂಡಿರಬಹುದು. ಅದು ಇದೇ ಪದದ ಇನ್ನೊಂದು ಬಳಕೆ. ಇದು ಬರಹದಲ್ಲಿ ಬೇರೂರಿದ್ದು ಈಚೆಗೆ. 2019ರಲ್ಲಿ ಅಮೆರಿಕದ ಮೆರಿಯಮ್-ವೆಬ್‌ಸ್ಟರ್ ನಿಘಂಟು ‘ದೇ’ಯನ್ನು ವರ್ಷದ ಪದ ಅಂತ ಆರಿಸಿತು. ಇಲ್ಲಿ ವ್ಯಾಕರಣದ ಜಗಳವೇ ಬೇಡ. ಒಬ್ಬರು ತಮ್ಮನ್ನು ಹೇಗೆ ಕರೆಯಬೇಕು ಅಂತ ಹೇಳಿದ ಮೇಲೆ ಹಾಗೆ ಕರೆಯುವುದು. ಕನ್ನಡದಲ್ಲಿ ‘ಅವರು’ ಅಂದರೆ ಆ ಕಷ್ಟವೂ ಇಲ್ಲ.

ಬೋರ್ಡಿನ ವಿಷಯ. ‘ಹಿಸ್’ ಹಾಕಿದರೆ ಬರುವ ಹೆಂಗಸರು ಗುರುತು ಚೀಟಿ ತೋರಿಸಬೇಕಿಲ್ಲವೇ? ‘ಹಿಸ್ ಆರ್ ಹರ್’ ಅಂದರೆ ಬೋರ್ಡ್ ಉದ್ದವಾಗುತ್ತೆ, ಪೇಂಟರ್ ಅಕ್ಷರಕ್ಕೆ ಇಷ್ಟು ಅಂತ ಕಾಸು ಕೇಳುತ್ತಾನೆ. ‘ದೇರ್’ ಪೂರ್ತಿ ಸರಿ. ಆದರೆ ನಾನಾದರೆ ಬೇರೆ ದಾರಿ ಹಿಡಿಯುತ್ತೇನೆ. ಬೋರ್ಡ್ ಮುಂದೆ ನಿಂತು ಓದುವವರು ಗೆಸ್ಟೇ ತಾನೇ? ಅವರಿಗೇ ನೇರವಾಗಿ ‘ಪ್ಲೀಸ್ ಶೋ ಅಸ್ ಯುವರ್ ಐಡಿ ಕಾರ್ಡ್’ ಅನ್ನಿ. ಮಸ್ಟ್ ಹೋಯಿತು, ಹಿಸ್ ಹೋಯಿತು, ಮನೆಯ ಜಗಳವೂ ಹೋಯಿತು.

ನೀವು ಕೇಳದೆ ಬಿಟ್ಟ ಒಂದೆರಡನ್ನು ಬೇಗ ಮುಗಿಸುತ್ತೇನೆ, ಮುಂದಿನ ಪತ್ರದಲ್ಲಿ ಬರುವುದು ಗೊತ್ತೇ ಇದೆ. ಬಾಗಿಲು ತಟ್ಟಿ ‘ಇಟ್ ಈಸ್ ಐ’ ಅನ್ನಬೇಕೋ ‘ಇಟ್ಸ್ ಮಿ’ ಅನ್ನಬೇಕೋ? ‘ಇಟ್ಸ್ ಮಿ’ ಅನ್ನಿ, ಬಾಗಿಲು ಬೇಗ ತೆಗೆಯುತ್ತಾರೆ. ‘ಐ’ ಅನ್ನಬೇಕು ಅನ್ನುವುದು ಲ್ಯಾಟಿನ್ ವ್ಯಾಕರಣ ಮುಂದಿಟ್ಟುಕೊಂಡು ಇಂಗ್ಲಿಷ್ ಅಳೆದ 18ನೇ ಶತಮಾನದ ಪಂಡಿತರ ಹಟ. 1762ರಲ್ಲಿ ವ್ಯಾಕರಣ ಬರೆದ ರಾಬರ್ಟ್ ಲೌತ್ ಎಂಬ ಪಾದ್ರಿ ಆ ಪೈಕಿ ದೊಡ್ಡ ಹೆಸರು. ‘ಹೂಮ್’ ಪದ ಮಾತಿನಲ್ಲಿ ಹೆಚ್ಚುಕಡಿಮೆ ಹೋಗೇಬಿಟ್ಟಿದೆ. ‘ಟು ಹೂಮ್’, ‘ಫಾರ್ ಹೂಮ್’ ಅಂತ ಬರೆಯುವ ಕಡೆ ಮಾತ್ರ ಇಟ್ಟುಕೊಳ್ಳಿ. ಫೋನ್ ಎತ್ತಿ ‘ಹೂಮ್ ಶಲ್ ಐ ಸೇ ಈಸ್ ಕಾಲಿಂಗ್’ ಅನ್ನುವ ರಿಸೆಪ್ಷನಿಸ್ಟ್ ತಪ್ಪು. ಕರೆ ಮಾಡುತ್ತಿರುವುದು ಯಾರು ಅನ್ನುವುದು ಪ್ರಶ್ನೆ, ಯಾರನ್ನು ಅನ್ನುವುದಲ್ಲ. ಅಲ್ಲಿ ‘ಹೂ’ ಸಾಕು.

‘ಇಟ್ಸ್’ ವಿಷಯದಲ್ಲಿ ನಿಮಗೆ ಒಂದು ಅನುಕೂಲ ಇದೆ. ಈ ತಪ್ಪು ಕಿವಿಗೆ ಬೀಳುವುದೇ ಇಲ್ಲ, ಕಣ್ಣಿಗೆ ಮಾತ್ರ ಬೀಳುತ್ತದೆ. ‘ಅದರ’ ಅನ್ನುವ ಅರ್ಥಕ್ಕೆ ಮೇಲಿನ ಕೊಕ್ಕೆ, ಅಂದರೆ ಅಪಾಸ್ಟ್ರಫಿ, ಬೇಡ. ‘ಇಟ್ ಈಸ್’ ಅಂತ ಬಿಡಿಸಿ ಓದಲು ಆಗುವ ಕಡೆ ಬೇಕು. ರಾಮನ, ಸೀತೆಯ ಅನ್ನಲು ಕೊಕ್ಕೆ ಹಾಕಿ ‘ಅದರ’ ಅನ್ನಲು ಹಾಕಬಾರದು ಅಂದರೆ ಮಕ್ಕಳು ಗೊಂದಲ ಆಗದೆ ಏನು ಮಾಡುತ್ತಾರೆ? ಈ ಪದವೇ ಇಂಗ್ಲಿಷಿನಲ್ಲಿ ತಡವಾಗಿ ಬಂದದ್ದು. 1611ರಲ್ಲಿ ಅಚ್ಚಾದ ಕಿಂಗ್ ಜೇಮ್ಸ್ ಬೈಬಲ್ಲಿನಲ್ಲಿ ಅದು ಇರಲೇ ಇಲ್ಲ, ಜಡ ವಸ್ತುವಿಗೂ ‘ಹಿಸ್’ ಅನ್ನುತ್ತಿದ್ದರು. ಆಮೇಲೆ ಬಹುಕಾಲ ಕೊಕ್ಕೆ ಹಾಕಿಯೇ ಬರೆಯುತ್ತಿದ್ದರು. ಈಗ ನಿಯಮ ಗಟ್ಟಿಯಾಗಿದೆ, ಪಾಲಿಸಿ. ಅಂಗಡಿ ಬೋರ್ಡಿನಲ್ಲಿ ತಪ್ಪಿದ್ದರೆ ದಾಟಿ ಹೋಗಿ.

ಸರಿ, ಈಗ ಆ ಅಸಲಿ ತಪ್ಪು.

ಸರ್ವನಾಮಕ್ಕೆ ಇರುವುದು ಒಂದೇ ಕೆಲಸ, ಬೆರಳು ತೋರಿಸುವುದು. ಹೆಸರು ಮತ್ತೆ ಮತ್ತೆ ಹೇಳುವ ಬದಲು ‘ಇಗೋ, ಇವನೇ’ ಅಂತ ತೋರಿಸುವುದು. ‘ಬಿಟ್ವೀನ್ ಯು ಅಂಡ್ ಐ’ ಅಂದಾಗಲೂ ಬೆರಳು ಸರಿಯಾದ ಕಡೆಗೇ ಇದೆ. ನೀವು, ನಾನು, ಮೂರನೆಯವರು ಯಾರೂ ಇಲ್ಲ. ಕಿವಿಗೆ ಕರ್ಕಶ, ಅರ್ಥಕ್ಕೆ ತೊಂದರೆ ಇಲ್ಲ. ಬೆರಳು ಯಾರ ಕಡೆ ಇದೆ ಅಂತಲೇ ಗೊತ್ತಾಗದಿದ್ದರೆ? ಅಲ್ಲಿ ದುಡ್ಡು ಹೋಗುತ್ತದೆ, ಸಂಬಂಧ ಹೋಗುತ್ತದೆ.

ನನ್ನ ಹತ್ತಿರ ಜನ ಕಾಗದ ತಿದ್ದಿಸಲು ಬರುವುದುಂಟು. ಒಂದು ತೋಟದ ರೈಟರ್, ಅಂದರೆ ಗುಮಾಸ್ತರು, ಬೆಂಗಳೂರಿನಲ್ಲಿದ್ದ ಮಾಲೀಕರಿಗೆ ಮೊದಲೇ ಕಳಿಸಿಬಿಟ್ಟಿದ್ದ ಇಮೇಲ್ ಒಂದನ್ನು ತೋರಿಸಿದ್ದರು. ಜನವರಿಯಲ್ಲಿ ಅಕಾಲ ಮಳೆ ಬಂದು ಕಣದ ಪಕ್ಕ ಇದ್ದ ಒಣಗಿದ ಕಾಫಿ ಮೂಟೆ ನೆನೆದಿದ್ದವು. ಇಮೇಲಿನ ಸಾಲು ಇದು: ‘ದ ಮೇಸ್ತ್ರಿ ಟೋಲ್ಡ್ ದ ಡ್ರೈವರ್ ದಟ್ ಹಿ ಹ್ಯಾಡ್ ಲೆಫ್ಟ್ ದ ಬ್ಯಾಗ್ಸ್ ಔಟ್‌ಸೈಡ್.’ ವ್ಯಾಕರಣ ನೂರಕ್ಕೆ ನೂರು ಸರಿ. ನಿಮ್ಮಂಥ ಕಟ್ಟುನಿಟ್ಟಿನವರು ಓದಿದರೂ ಒಂದು ಗೀಟು ಎಳೆಯಲಾರಿರಿ. ಆದರೆ ಮೂಟೆ ಹೊರಗೆ ಬಿಟ್ಟದ್ದು ಯಾರು? ಮೇಸ್ತ್ರಿ ತನ್ನ ತಪ್ಪು ಒಪ್ಪಿಕೊಂಡನೋ, ಡ್ರೈವರನ್ನು ದೂರಿದನೋ? ಮಾಲೀಕರು ಡ್ರೈವರ್ ಅಂತ ಓದಿಕೊಂಡು ಲಾರಿ ಬಾಡಿಗೆಯಲ್ಲಿ ಹಣ ಹಿಡಿದರು. ನಿಜದಲ್ಲಿ ಮೇಸ್ತ್ರಿ ‘ನಾನೇ ಬಿಟ್ಟೆ ಮಾರಾಯ’ ಅಂದಿದ್ದ. ಡ್ರೈವರ್ ಆ ತೋಟಕ್ಕೆ ಲಾರಿ ತರುವುದನ್ನೇ ನಿಲ್ಲಿಸಿದ. ಕೊಯ್ಲಿನ ನಡುವೆ ಲಾರಿ ಇಲ್ಲದಿದ್ದರೆ ಏನಾಗುತ್ತೆ ಅಂತ ನಿಮಗೆ ನಾನು ಹೇಳಬೇಕೇ?

ಇದೇ ಮಾತನ್ನು ರೈಟರ್ ಕನ್ನಡದಲ್ಲಿ ಬರೆದಿದ್ದರೆ ಈ ಗೋಳೇ ಇರುತ್ತಿರಲಿಲ್ಲ. ‘ತಾನು ಮೂಟೆ ಹೊರಗೆ ಬಿಟ್ಟೆ ಅಂತ ಮೇಸ್ತ್ರಿ ಡ್ರೈವರಿಗೆ ಹೇಳಿದ’ ಅಂದರೆ ಬಿಟ್ಟದ್ದು ಮೇಸ್ತ್ರಿ. ‘ಅವನು ಬಿಟ್ಟ ಅಂತ’ ಅಂದರೆ ಮೇಸ್ತ್ರಿ ಅಲ್ಲ. ತಾನು, ತನ್ನ, ತನಗೆ ಎಂಬ ಈ ಪದಗಳನ್ನು ನಾವು ಲೆಕ್ಕಕ್ಕೇ ಇಡುವುದಿಲ್ಲ. ಇಂಗ್ಲಿಷಿನ ‘ಹಿ’, ‘ಹಿಸ್’ ಹತ್ತಿರ ಈ ಸೌಕರ್ಯ ಇಲ್ಲ. ಹಾಗಾಗಿ ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆಯುವವರಿಗೆ ಅಪಾಯ ಜಾಸ್ತಿ. ನಮ್ಮ ತಲೆಯಲ್ಲಿ ತಾನು, ಅವನು ಬೇರೆ ಬೇರೆ ಇರುತ್ತವೆ. ಕಾಗದದ ಮೇಲೆ ಎರಡೂ ‘ಹಿ’ ಆಗಿ ಬೀಳುತ್ತವೆ. ಬರೆದವರಿಗೆ ಸ್ಪಷ್ಟ, ಓದಿದವರಿಗೆ ಕತ್ತಲೆ.

ಇದಕ್ಕೆ ಮದ್ದು ಸಲೀಸು, ಆದರೆ ಶಾಲೆಯಲ್ಲಿ ಕಲಿತದ್ದನ್ನು ಮರೆಯಬೇಕು. ಒಂದೇ ಹೆಸರು ಮತ್ತೆ ಮತ್ತೆ ಬಂದರೆ ಬರಹ ಚೆನ್ನಾಗಿರಲ್ಲ ಅಂತ ಹೇಳಿಕೊಟ್ಟಿರುತ್ತಾರೆ. ಕತೆ ಬರೆಯುವಾಗ ಸರಿ. ದುಡ್ಡು, ಜಮೀನು, ತಪ್ಪು ಯಾರದ್ದು ಅನ್ನುವ ಕಾಗದದಲ್ಲಿ ಹೆಸರನ್ನು ನಾಚಿಕೆಯಿಲ್ಲದೆ ಮತ್ತೆ ಬರೆಯಿರಿ. ‘ದ ಮೇಸ್ತ್ರಿ ಸೆಡ್ ದಟ್ ದ ಮೇಸ್ತ್ರಿ ಹಿಮ್‌ಸೆಲ್ಫ್’ ಅಂದರೂ ಪರವಾಗಿಲ್ಲ. ಇಲ್ಲವೇ ಅವನ ಮಾತನ್ನು ಅವನ ಬಾಯಲ್ಲೇ ಹೇಳಿಸಿ. ‘ದ ಮೇಸ್ತ್ರಿ ಸೆಡ್, ಐ ಲೆಫ್ಟ್ ದ ಬ್ಯಾಗ್ಸ್ ಔಟ್‌ಸೈಡ್.’ ಕ್ರಯಪತ್ರ ಬರೆಯುವವರು ಹೆಸರೋ ‘ಖರೀದಿದಾರರು’ ಅಂತಲೋ ಸಾಲು ಸಾಲಿಗೂ ಹಾಕುವುದು ಸುಮ್ನೆ ಅಲ್ಲ.

‘ವಿ’ ಇನ್ನೊಂದು ಮೋಸಗಾರ. ಕುಟುಂಬದ ವಾಟ್ಸಾಪಿನಲ್ಲಿ ‘ವಿ ಆರ್ ಮೀಟಿಂಗ್ ಅಟ್ ದ ಐನ್‌ಮನೆ ಆನ್ ಸಂಡೇ’ ಅಂತ, ಅಂದರೆ ಕುಟುಂಬದ ಮೂಲಮನೆಯಲ್ಲಿ ಸೇರುತ್ತಿದ್ದೇವೆ ಅಂತ, ಬಂದರೆ ಓದಿದವರೂ ಬರಬೇಕೋ, ಹಿರಿಯರು ಮಾತ್ರ ಸೇರುವುದೋ? ತುಳುವಿನಲ್ಲಿ ಕೇಳುವವರನ್ನೂ ಸೇರಿಸಿದರೆ ‘ನಮ’, ಬಿಟ್ಟು ಹೇಳಿದರೆ ‘ಎಂಕುಲು’. ಮಲಯಾಳದಲ್ಲೂ ಎರಡಕ್ಕೆ ಎರಡು ಪದ ಇದೆ. ಕನ್ನಡದಲ್ಲಿ ‘ನಾವು’ ಒಂದೇ, ಆದರೆ ಕ್ರಿಯಾಪದ ನಮ್ಮ ಮಾನ ಉಳಿಸುತ್ತದೆ. ‘ಸೇರೋಣ’ ಅಂದರೆ ನೀವೂ ಬನ್ನಿ ಅಂತಲೇ ಅರ್ಥ. ‘ಸೇರ್ತೀವಿ’ ಅಂದರೆ ಅನುಮಾನ ಉಂಟು. ಇಂಗ್ಲಿಷಿನಲ್ಲಿ ಅದೂ ಇಲ್ಲ. ಬಂದವರಿಗೆ ಊಟ ಸಾಲಲಿಲ್ಲ, ಬಾರದವರಿಗೆ ಕರೆಯಲಿಲ್ಲ ಅನ್ನುವ ಮುನಿಸು,ಎರಡೂ ಈ ಎರಡಕ್ಷರದ ‘ವಿ’ಯಿಂದ ಆಗುವುದನ್ನು ನಾನು ನೋಡಿದ್ದೇನೆ.

1834ರಿಂದ ಬ್ರಿಟಿಷರ ಆಳ್ವಿಕೆ, ಆಮೇಲೆ ಕಾಫಿ ತೋಟ, ಪಟಾಲಂ ನೌಕರಿ ಅಂತ ಕೊಡಗಿನ ಮನೆಗಳಿಗೆ ಇಂಗ್ಲಿಷ್ ಬೇಗ ಬಂತು, ನಮ್ಮ ಹಿರಿಯರಿಗೆ ಅದರ ಮೇಲೆ ಅಭಿಮಾನವೂ ಬಂತು. ನಿಮ್ಮ ಸಿಟ್ಟಿನಲ್ಲಿ ಆ ಅಭಿಮಾನ ಕಾಣುತ್ತದೆ, ಅದು ನನಗೆ ಇಷ್ಟವೇ. ಅದನ್ನು ಸರಿಯಾದ ಕಡೆ ಖರ್ಚು ಮಾಡಿ ಅಂತಷ್ಟೇ ನಾನು ಕೇಳುವುದು. ಗೆಸ್ಟುಗಳು ಏನೇ ಅನ್ನಲಿ, ನೀವು ಅಕ್ಕಿ ರೊಟ್ಟಿ ಬಡಿಸಿ. ಆದರೆ ಸಂಘದ ನೋಟಿಸು, ತೋಟದ ಕಾಗದ, ಹೋಂಸ್ಟೇ ಬುಕಿಂಗ್ ಮೆಸೇಜು ಹೊರಗೆ ಹೋಗುವ ಮೊದಲು ನಿಮ್ಮ ಕೈಗೆ ಬರಲಿ. ಪ್ರತಿ ‘ಹಿ’, ‘ಇಟ್’, ‘ದೇ’, ‘ವಿ’ ಮೇಲೆ ಪೆನ್ನು ಇಟ್ಟು ಯಾರು ಅಂತ ಕೇಳಿ. ತಕ್ಷಣ ಒಂದೇ ಉತ್ತರ ಬಂದರೆ ಬಿಡಿ. ಎರಡು ಉತ್ತರ ಬಂದರೆ ಹೊಡೆದು ಹೆಸರು ಬರೆಯಿರಿ. ಸಂಘದ ಮುಂದಿನ ನೋಟಿಸಿನಲ್ಲಿ ‘ವಿ ಆರ್ ಮೀಟಿಂಗ್’ ಅಂತ ಇದ್ದರೆ ‘ಆಲ್ ಮೆಂಬರ್ಸ್ ಅಂಡ್ ದೇರ್ ಫ್ಯಾಮಿಲೀಸ್’ ಅಂತ ಮಾಡಿಸಿ. ಕಮಿಟಿ ಮಾತ್ರ ಸೇರುವುದಾದರೆ ‘ದ ಕಮಿಟಿ’ ಅಂತಲೇ ಹಾಕಿಸಿ, ಅಡುಗೆಯವರಿಗೂ ಲೆಕ್ಕ ಸಿಗುತ್ತೆ.